ಉಪಕೃತರ ಸಭಾಪ್ರವೇಶ: ಕುಂದಾಪುರ ಸೀಮೆಯ ಒಂದು ಇತಿಹಾಸಪ್ರಕರಣ

೧. ವಿಷಯಪ್ರವೇಶ

ಲೋಕೋಪಕಾರದ ಚರಿತ್ರೆಯೆಂದರೆ ಸಾಮಾನ್ಯವಾಗಿ ಉಪಕಾರ ಮಾಡಿದವರ ಚರಿತ್ರೆಯೇ ಆಗಿರುತ್ತದೆ. ಕೆರೆಯನ್ನು ಕಟ್ಟಿಸಿದ ಅರಸು, ಸತ್ರವನ್ನಿಟ್ಟ ಸೆಟ್ಟಿ, ಪಾಠಶಾಲೆಯನ್ನು ತೆರೆದ ಪಾದ್ರಿ, ಆಸ್ಪತ್ರೆಯನ್ನು ಸ್ಥಾಪಿಸಿದ ಸರಕಾರ—ಇವರ ಹೆಸರುಗಳು ಶಾಸನಗಳಲ್ಲಿಯೂ ವರದಿಗಳಲ್ಲಿಯೂ ಉಳಿದು ಬಂದಿವೆ. ಸತ್ರದಲ್ಲಿ ಉಂಡವರು, ಆಸ್ಪತ್ರೆಯ ಬಾಗಿಲಲ್ಲಿ ಕಾದವರು, ಆ ಉಪಕಾರವು ತಮಗೆ ಎಷ್ಟರಮಟ್ಟಿಗೆ ಒದಗಿತೆಂದು ಹೇಳಿದ ಮಾತುಗಳು ಮಾತ್ರ ಬಹು ವಿರಳವಾಗಿ ದೊರೆಯುತ್ತವೆ.

ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ದಾನಕ್ರಿಯೆಯಲ್ಲಿ ಕೊಡುವವನು ಕರ್ತೃ, ಕೊಡಲ್ಪಡುವ ವಸ್ತು ಕರ್ಮ, ಪಡೆಯುವವನು ಸಂಪ್ರದಾನ. ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳವನು ಕರ್ತೃವೇ ಹೊರತು ಸಂಪ್ರದಾನವಲ್ಲವೆಂಬುದು ಪಾಣಿನೀಯರಿಗೆ ಸಮ್ಮತವಾದ ಸಂಗತಿ. ಈ ಕಾಲದ ಸರಕಾರೀ ಕಾಗದಪತ್ರಗಳಲ್ಲಿ ಪಡೆಯುವವನಿಗೆ 'ಫಲಾನುಭವಿ' ಎಂದು ಹೆಸರು. ಫಲವನ್ನು ಅನುಭವಿಸುವವನೆಂದು ಅರ್ಥ. ಯಾವ ಫಲ ಬೇಕೆಂದು ಹೇಳುವವನೆಂದಲ್ಲ. ಹೀಗೆ ಚತುರ್ಥೀ ವಿಭಕ್ತಿಯಲ್ಲಿಯೇ ನಿಂತುಹೋದ ಜನರು ಯಾವಾಗ, ಯಾವ ಮಾರ್ಗದಿಂದ ಪ್ರಥಮೆಗೆ ಬಂದರು? ಬಂದುದರಿಂದ ಆದ ಪ್ರಯೋಜನವೇನು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವವರಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲ್ಲೂಕುಗಳ ಸೀಮೆಯು ಒಂದು ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ಈ ಮೂರೂ ಇಂದು ಉಡುಪಿ ಜಿಲ್ಲೆಗೆ ಸೇರಿವೆ. ೧೯೯೭ರಲ್ಲಿ ಜಿಲ್ಲೆಯು ದಕ್ಷಿಣ ಕನ್ನಡದಿಂದ ಬೇರ್ಪಟ್ಟಾಗ ಬೈಂದೂರು ಕುಂದಾಪುರ ತಾಲ್ಲೂಕಿನೊಳಗೂ ಬ್ರಹ್ಮಾವರ ಉಡುಪಿ ತಾಲ್ಲೂಕಿನೊಳಗೂ ಇದ್ದುವು. ೨೦೧೮ರಲ್ಲಿ ಇವೆರಡೂ ಪ್ರತ್ಯೇಕ ತಾಲ್ಲೂಕುಗಳಾದುವು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ. ನಡುವೆ ಸೌಪರ್ಣಿಕೆ, ಚಕ್ರಾ, ವಾರಾಹಿ, ಸೀತಾ ಮೊದಲಾದ ನದಿಗಳು, ಅವುಗಳಿಗೆ ಸೇರುವ ಅಸಂಖ್ಯ ಹಳ್ಳತೋಡುಗಳು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ. ಮನೆಗಳು ಬಯಲುಸೀಮೆಯಂತೆ ಒಂದೆಡೆ ಗುಂಪಾಗಿರದೆ ಬೈಲುಬೈಲಿಗೆ ಚದರಿಕೊಂಡಿವೆ. ಈ ಭೂಸ್ವರೂಪವನ್ನು ನೆನಪಿನಲ್ಲಿಡದಿದ್ದರೆ ಮುಂದೆ ಹೇಳುವ ಸಂಗತಿಗಳ ಸ್ವಾರಸ್ಯವು ತಿಳಿಯಲಾರದು.

೨. ಸಭೆಯೊಳಗಿದ್ದವರು

ಈ ಸೀಮೆಗೆ ಸಭೆಯೆಂಬುದು ಹೊಸದಲ್ಲ. ಬ್ರಹ್ಮಾವರ ತಾಲ್ಲೂಕಿನ ಬಾರಕೂರು ಆಳುಪರ ರಾಜಧಾನಿಯಾಗಿ, ಅನಂತರ ವಿಜಯನಗರದವರ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯಸ್ಥಳವಾಗಿ ಮೆರೆದ ಪಟ್ಟಣ. ಅಲ್ಲಿಯ ಹತ್ತು ಕೇರಿಗಳೂ, ಕೇರಿಗಳ ಹಲರೂ ಶಾಸನಗಳಲ್ಲಿ ಮರಳಿ ಮರಳಿ ಬರುತ್ತಾರೆ. ಕುಂದಾಪುರದ ಬಳಿಯ ಬಸರೂರಿನ ಶಾಸನಗಳಲ್ಲಿಯೂ ಪಡುವಕೇರಿ ಮೂಡುಕೇರಿಗಳ ಹಲರು, ಸೆಟ್ಟಿಕಾರರು ಕೂಡಿ ಧರ್ಮಕಾರ್ಯಗಳಿಗೆ ಕಟ್ಟಳೆಗಳನ್ನು ಮಾಡಿದ ಸಂಗತಿ ಕಾಣುತ್ತದೆ. ಪಿ. ಗುರುರಾಜ ಭಟ್ಟರ ತುಳುವ ಇತಿಹಾಸ ಗ್ರಂಥವೂ (೧೯೭೫) ಕೆ. ವಿ. ರಮೇಶರ ದಕ್ಷಿಣ ಕನ್ನಡದ ಇತಿಹಾಸವೂ (೧೯೭೦) ಈ ಸಂಘಟನೆಗಳ ಮೇಲೆ ಬಹಳ ಬೆಳಕನ್ನು ಚೆಲ್ಲಿವೆ.

ಇವು ಸ್ವಾಯತ್ತವಾದ ಸಭೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ 'ಹಲರು' ಎಂದರೆ ಎಲ್ಲರೂ ಅಲ್ಲ. ಆಸ್ತಿಯೂ ವ್ಯಾಪಾರವೂ ಕುಲಮರ್ಯಾದೆಯೂ ಉಳ್ಳವರೇ ಹಲರು. ಶಾಸನದಲ್ಲಿ ದಾನಿಯ ಹೆಸರಿರುತ್ತದೆ, ಅಕ್ಕಿಯ ಅಳತೆಯಿರುತ್ತದೆ, ಭೂಮಿಯ ಎಲ್ಲೆಕಟ್ಟುಗಳಿರುತ್ತವೆ, ಧರ್ಮಕ್ಕೆ ತಪ್ಪಿದವರಿಗೆ ಶಾಪವೂ ಇರುತ್ತದೆ. ಆ ಭೂಮಿಯನ್ನು ಉತ್ತವರೂ ಆ ಅಕ್ಕಿಯನ್ನು ಮೆರಿದವರೂ ಸಭೆಯ ಹೊರಗೆ ನಿಂತಿದ್ದರು. ಹೊರಗೆ ನಿಂತವರಲ್ಲಿ ಇಬ್ಬರ ಪ್ರಸಂಗವು ಇಲ್ಲಿ ವಿಚಾರಣೀಯ: ಒಬ್ಬರು ಕೊರಗರು, ಇನ್ನೊಬ್ಬರು ದುಡಿಯುವ ಮಕ್ಕಳು.

೩. ಕೊರಗರ ಪ್ರಸಂಗ

ಕೊರಗರು ಬಿದಿರು ಬೀಳುಗಳಿಂದ ಬುಟ್ಟಿ ಹೆಣೆದು ಜೀವಿಸುತ್ತ ಬಂದ ಆದಿಜನರು. ಡಿ. ಎನ್. ಶಂಕರ ಭಟ್ಟರು ೧೯೭೧ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇವರಿಗೆ ತಮ್ಮದೇ ಆದ ಒಂದು ದ್ರಾವಿಡ ಭಾಷೆಯಿರುವುದು ವಿದ್ವಾಂಸರಿಗೆ ಸ್ಪಷ್ಟವಾಯಿತು. ಕುಂದಾಪುರದ ಕಡೆಯ ಒಳನುಡಿಗೆ 'ಮುದು' ಎಂದು ಹೆಸರು. ಹಿಂದೊಮ್ಮೆ ಹಬಾಶಿಕನೆಂಬ ಇವರ ಅರಸನು ಈ ನಾಡನ್ನು ಆಳಿದನೆಂಬ ಐತಿಹ್ಯವೂ ಉಂಟು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕೊರಗರ ವಿಷಯವಾಗಿ ಬರವಣಿಗೆಯು ಬೆಳೆಯಿತು. ವಾಲ್‌ಹೌಸನು ಬರೆದನು, ಸ್ಟರಕ್ಕನ ಜಿಲ್ಲಾ ಕೈಪಿಡಿ (೧೮೯೪) ಬರೆಯಿತು, ಥರ್ಸ್ಟನ್ ಮತ್ತು ರಂಗಾಚಾರಿಗಳ ಜಾತಿಕೋಶ (೧೯೦೯) ಬರೆಯಿತು. ಇವುಗಳಲ್ಲೆಲ್ಲ ಕೊರಗರು ವರ್ಣಿತರು, ವಕ್ತೃಗಳಲ್ಲ. ೧೮೯೭ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದ ಕುದ್ಮುಲ್ ರಂಗರಾಯರು (೧೮೫೯–೧೯೨೮) ಬಹಿಷ್ಕಾರವನ್ನು ಸಹಿಸಿ ದಲಿತರಿಗಾಗಿ ಶಾಲೆಗಳನ್ನು ನಡೆಯಿಸಿದ ಮಹನೀಯರು. ಅವರ ಕಾರ್ಯವು ಪೂಜ್ಯವಾದುದು. ಆದರೂ ಅದು ಬಹುಮಟ್ಟಿಗೆ ಇತರರಿಗಾಗಿ ಇತರರು ಮಾಡಿದ ಉದ್ಧಾರವೇ ಆಗಿತ್ತು.

ಆರೋಗ್ಯದ ದೃಷ್ಟಿಯಿಂದ ಕೊರಗರ ಸ್ಥಿತಿಯಲ್ಲಿ ಒಂದು ಘೋರವಾದ ವೈಪರೀತ್ಯವಿತ್ತು. 'ಅಜಲು' ಎಂಬ ಪದ್ಧತಿಯಲ್ಲಿ ಮೇಲಿನವರು ತಮ್ಮ ಮನೆಯ ರೋಗವೂ ಅನಿಷ್ಟವೂ ಕಳೆಯಲೆಂದು ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಲು ಕೊಡುತ್ತಿದ್ದರು. ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುತ್ತಿದ್ದರು. ರೋಗವು ಉಣ್ಣುವವನಿಗೆ ಸಂಕ್ರಮಿಸುವುದೆಂಬುದು ಇದರ ಹಿಂದಿನ ನಂಬಿಕೆ. ಎಂದರೆ ಪರರ ವ್ಯಾಧಿಗೆ ಕೊರಗನೇ ಔಷಧವಾಗಿದ್ದನು. ಅವನ ವ್ಯಾಧಿಯೇನೆಂದು ಕೇಳುವವರಿರಲಿಲ್ಲ.

ಸ್ವಾತಂತ್ರ್ಯಾನಂತರ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆಮೇಲೆ ಕರ್ನಾಟಕದ ಎರಡೇ ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದಾಗಿ—ಇನ್ನೊಂದು ಜೇನುಕುರುಬರದು—ಪರಿಗಣಿತರಾದರು. ಯೋಜನೆಗಳು ಬಂದುವು. ಆದರೆ ಕೊರಗರೇ ಸಂಘಗಳನ್ನು ಕಟ್ಟಿ, ಸಂಘಗಳನ್ನು ಒಕ್ಕೂಟವಾಗಿ ಕೂಡಿಸಿ, ತಮ್ಮ ಬೇಡಿಕೆಯನ್ನು ತಾವೇ ಉಚ್ಚರಿಸಿದ್ದು ೧೯೯೦ರ ದಶಕದಲ್ಲಿ. ೧೯೯೩ರ ಆಗಸ್ಟ್ ತಿಂಗಳಿನಲ್ಲಿ ಅವರು ಮಂಗಳೂರಿನಲ್ಲಿ ಮೆರವಣಿಗೆಯಾಗಿ ಹೋಗಿ ಭೂಮಿಯನ್ನು ಕೇಳಿದರು. ಅದರ ಸ್ಮರಣೆಗಾಗಿ ವರ್ಷವರ್ಷವೂ 'ಭೂಮಿ ಹಬ್ಬ'ವನ್ನು ಆಚರಿಸುತ್ತ ಬಂದಿರುವರು. ಮೊಹಮ್ಮದ್ ಪೀರರ ವರದಿಯು ಕುಟುಂಬವೊಂದಕ್ಕೆ ೨.೫ ಎಕರೆ ಭೂಮಿಯನ್ನು ಕೊಡಬೇಕೆಂದು ಶಿಫಾರಸು ಮಾಡಿತು. ೨೦೦೦ದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸುವ ಶಾಸನವು ರಾಜ್ಯದಲ್ಲಿ ಜಾರಿಗೆ ಬಂತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹೊರಗಿನವರು ಕೊರಗರ ಕೊರತೆಯನ್ನು ಎಣಿಸುವಾಗ ಅಕ್ಷರ, ಶುಚಿ, ಔಷಧ ಎಂದು ಎಣಿಸಿದರು. ಕೊರಗರು ತಾವೇ ಎಣಿಸಿದಾಗ ಮೊದಲಿಗೆ ಬಂದುದು ನೆಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ೧೯೩೩ರಲ್ಲಿ ಬರೆದ 'ಚೋಮನ ದುಡಿ'ಯ ನಾಯಕನೂ ಬೇಸಾಯಕ್ಕೊಂದು ತುಂಡು ನೆಲವನ್ನೇ ಬಯಸಿದವನು. ಅವನು ಕೊರಗನಲ್ಲ, ಆದರೂ ಕಾದಂಬರಿಕಾರನು ಒಬ್ಬ ಚೋಮನ ಬಾಯಿಂದ ನುಡಿಸಿದುದನ್ನು ಅರುವತ್ತು ವರ್ಷಗಳ ತರುವಾಯ ಒಂದು ಸಮುದಾಯವು ಬೀದಿಯಲ್ಲಿ ನಿಂತು ತಾನಾಗಿ ನುಡಿಯಿತು. ಉಪಕೃತರನ್ನು ಕೇಳಿದರೆ ಬರುವ ಉತ್ತರವು ಬೇರೆಯಾಗಿರುತ್ತದೆಂಬುದಕ್ಕೆ ಇದು ಮೊದಲನೆಯ ಪ್ರಮಾಣ. ಕೇಳುವುದರಲ್ಲಿ ವಿಳಂಬವಾದುದರ ಫಲವು ಜನಗಣತಿಯಲ್ಲಿ ಕಾಣುತ್ತದೆ: ಕರ್ನಾಟಕದಲ್ಲಿ ಕೊರಗರ ಸಂಖ್ಯೆ ೨೦೦೧ರಲ್ಲಿ ೧೬,೦೭೧ ಇದ್ದುದು ೨೦೧೧ರಲ್ಲಿ ೧೪,೭೯೪ಕ್ಕೆ ಇಳಿಯಿತು.

೪. 'ಮಾಣಿ' ಎಂಬ ಶಬ್ದ

ಕೊರಗರು ಸಭೆಯ ಹೊರಗಿದ್ದರೂ ವಯಸ್ಕರು. ೧೯೫೦ರ ಸಂವಿಧಾನವು ಅವರಿಗೆ ಮತವನ್ನಾದರೂ ಕೊಟ್ಟಿತು. ಮತವೂ ಇಲ್ಲದ, ಸಹಿಗೂ ಬೆಲೆಯಿಲ್ಲದ ಇನ್ನೊಂದು ವರ್ಗವೆಂದರೆ ದುಡಿಯುವ ಮಕ್ಕಳು.

ಕುಂದಾಪುರದ ಕನ್ನಡದಲ್ಲಿ ಹುಡುಗನಿಗೆ 'ಮಾಣಿ' ಎನ್ನುವರು. ಸಂಸ್ಕೃತದ ಮಾಣವ ಶಬ್ದದ ತದ್ಭವ, ಉಪನೀತನಾದ ವಟುವಿಗೂ ಸಲ್ಲುವ ಗೌರವದ ಮಾತು. ಅದೇ ಶಬ್ದವು ಬೆಂಗಳೂರಿಗೂ ಇತರ ನಗರಗಳಿಗೂ ಹೋಗಿ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನೆಂಬ ಅರ್ಥವನ್ನು ಪಡೆಯಿತು. ಐವತ್ತು ವಯಸ್ಸಾದವನೂ ಹೋಟೆಲಿನಲ್ಲಿ ಮಾಣಿಯೇ. ಕರಾವಳಿಯ ಹುಡುಗರು ಎಳವೆಯಲ್ಲಿಯೇ ಘಟ್ಟ ಹತ್ತಿ ಲೋಟ ತೊಳೆಯುವ, ಮೇಜು ಒರೆಸುವ ಕೆಲಸಕ್ಕೆ ಸೇರುತ್ತಿದ್ದ ಇತಿಹಾಸವು ಈ ಅರ್ಥಾಂತರದಲ್ಲಿ ಅಡಗಿದೆ. ಉದ್ಯೋಗದ ಹೆಸರು ಹುಡುಗನ ಹೆಸರನ್ನು ನುಂಗಿಬಿಟ್ಟಿತು.

೧೯೮೦ರ ದಶಕದಲ್ಲಿ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನಡುವೆ ಕಾರ್ಯವನ್ನಾರಂಭಿಸಿದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಎಂಬ ಸಂಸ್ಥೆಯವರು ಹೋಟೆಲುಗಳ ಹುಡುಗರ ಊರನ್ನು ವಿಚಾರಿಸಲಾಗಿ ಅನೇಕರು ಕುಂದಾಪುರದ ಕಡೆಯವರೆಂದು ತಿಳಿಯಿತು. ಪ್ರವಾಹವನ್ನು ನಗರದಲ್ಲಿ ತಡೆಯುವುದಕ್ಕಿಂತ ಉಗಮದಲ್ಲಿ ಪರೀಕ್ಷಿಸುವುದು ಮೇಲೆಂದು ಅವರ ಕೆಲಸವು ಈ ತಾಲ್ಲೂಕಿಗೆ ಬಂದಿತು. ಕನ್ಯಾನದಲ್ಲಿ 'ನಮ್ಮ ಭೂಮಿ' ಎಂಬ ಕೇಂದ್ರವು ನೆಲೆಗೊಂಡಿತು. ೧೯೯೦ರ ಸುಮಾರಿಗೆ ದುಡಿಯುವ ಮಕ್ಕಳೇ ಸದಸ್ಯರಾದ 'ಭೀಮ ಸಂಘ'ವು ರೂಪುಗೊಂಡಿತು. ಓದುಬರಹ ಬಾರದ ಮಕ್ಕಳಿಗೂ ತಿಳಿಯಲೆಂದು ಚಿತ್ರಗಳಿಂದ ಕೂಡಿದ 'ಭೀಮ ಪತ್ರಿಕೆ'ಯೆಂಬ ಗೋಡೆಪತ್ರಿಕೆಯೂ ಹೊರಟಿತು.

ಆ ಕಾಲದ ಶಾಸನಸ್ಥಿತಿಯನ್ನೂ ಇಲ್ಲಿ ಸ್ಮರಿಸಬೇಕು. ೧೯೮೬ರ ಬಾಲಕಾರ್ಮಿಕ ಶಾಸನವು ಕೆಲವು ಉದ್ಯೋಗಗಳಲ್ಲಿ ಮಕ್ಕಳ ದುಡಿಮೆಯನ್ನು ನಿಷೇಧಿಸಿ ಕೆಲವುಗಳಲ್ಲಿ ನಿಯಂತ್ರಿಸಿತ್ತು. ೧೯೮೯ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು ೧೯೯೨ರಲ್ಲಿ ಸೇರಿತು. ಅದರ ಹನ್ನೆರಡನೆಯ ವಿಧಿಯು ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗುಂಟೆಂದು ವಿಧಿಸುತ್ತದೆ. ೧೯೯೩ರಲ್ಲಿ ಕರ್ನಾಟಕ ಪಂಚಾಯತ್ ರಾಜ್ ಶಾಸನವು ಜಾರಿಗೆ ಬಂದು ಗ್ರಾಮ ಪಂಚಾಯತಿಗಳು ಏರ್ಪಟ್ಟುವು. ಒಂದು ಕಡೆ ಜಗತ್ತಿನ ಒಡಂಬಡಿಕೆ, ಇನ್ನೊಂದು ಕಡೆ ಗ್ರಾಮದ ಸಭೆ. ಇವೆರಡೂ ಕೂಡಿದ ಸಂಧಿಯಲ್ಲಿ ಹುಟ್ಟಿದುದು ಮಕ್ಕಳ ಪಂಚಾಯತಿ.

೫. ಮಕ್ಕಳ ಪಂಚಾಯತಿಯ ಸ್ವರೂಪ

೧೯೯೫ರಿಂದ ಕುಂದಾಪುರ ತಾಲ್ಲೂಕಿನ ಕೆರಾಡಿ, ಆಲೂರು, ಬೆಳ್ವೆ ಮೊದಲಾದ ಗ್ರಾಮಗಳಲ್ಲಿ ಈ ಪಂಚಾಯತಿಗಳು ಏರ್ಪಟ್ಟುವು. ಗ್ರಾಮದ ಮಕ್ಕಳೇ ಮತದಾರರು, ಮಕ್ಕಳೇ ಅಭ್ಯರ್ಥಿಗಳು. ಶಾಲೆಗೆ ಹೋಗುವವರೂ ಹೋಗದೆ ದುಡಿಯುವವರೂ ಇದರಲ್ಲಿ ಕೂಡಿದರು. ಚುನಾವಣೆಯನ್ನು ಆಟವಾಗಿ ಬಿಡದೆ ಸರಕಾರಿ ಆಡಳಿತದ ಮೇಲ್ವಿಚಾರಣೆಯಲ್ಲಿ ಗುಪ್ತಮತದಾನದಿಂದ ನಡೆಯಿಸಲಾಯಿತು. ಮಕ್ಕಳು ಆರಿಸಿದವರು ಗ್ರಾಮ ಪಂಚಾಯತಿಯ ಸದಸ್ಯರೊಡನೆಯೂ ಇಲಾಖೆಗಳ ಅಧಿಕಾರಿಗಳೊಡನೆಯೂ ಎದುರುಬದುರಾಗಿ ಕುಳಿತು ಮಾತನಾಡಲು ಕಾರ್ಯಪಡೆಗಳು ರಚಿತವಾದುವು. ಇವಲ್ಲದೆ 'ಮಕ್ಕಳ ಮಿತ್ರ'ನೆಂಬ ಒಂದು ವಿಶಿಷ್ಟ ಸ್ಥಾನವೂ ಇತ್ತು; ಆಪತ್ತಿನಲ್ಲಿ ಯಾರ ಬಳಿಗೆ ಹೋಗಬಹುದೆಂದು ನಂಬಿಕೆಯುಂಟೋ ಅಂತಹ ಹಿರಿಯರೊಬ್ಬರನ್ನು ಮಕ್ಕಳೇ ಆರಿಸುವರು. ಹಿರಿಯರು ಕಿರಿಯರಿಗೆ ಪೋಷಕರನ್ನು ನೇಮಿಸುವುದು ಲೋಕರೂಢಿ. ಕಿರಿಯರು ಹಿರಿಯರನ್ನು ಆರಿಸುವುದು ಇಲ್ಲಿಯ ವಿಶೇಷ.

ಈ ಪಂಚಾಯತಿಗಳ ಬಲವಿದ್ದುದು ಘೋಷಣೆಯಲ್ಲಿ ಅಲ್ಲ, ಗಣನೆಯಲ್ಲಿ. ಮಕ್ಕಳು ಮನೆಮನೆಗೆ ಹೋಗಿ ಎಣಿಸಿದರು; ದಾರಿಯನ್ನು ಅಳೆದರು; ಹೊತ್ತ ಹೊರೆಯನ್ನು ಲೆಕ್ಕಕ್ಕೆ ತಂದರು. ಗ್ರಾಮೀಣ ಮಕ್ಕಳ ಸಂಚಾರದ ತೊಡಕುಗಳ ವಿಷಯವಾಗಿ ಮಕ್ಕಳೇ ನಡೆಯಿಸಿದ ಸಂಶೋಧನೆಯ ವೃತ್ತಾಂತವು ೨೦೦೬ರಲ್ಲಿ ವಿದೇಶದ ಒಂದು ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಹುಡುಗಿಯೊಬ್ಬಳು ಶಾಲೆಯನ್ನು ಏಕೆ ಬಿಟ್ಟಳೆಂಬ ಪ್ರಶ್ನೆಗೆ ಕಚೇರಿಯ ಕಾಗದದಲ್ಲಿ ದೊರೆಯುತ್ತಿದ್ದ ಉತ್ತರವು ತಾಯಿತಂದೆಗಳ ಅಜ್ಞಾನ ಅಥವಾ ಬಡತನ. ಮಕ್ಕಳ ಲೆಕ್ಕದಲ್ಲಿ ದೊರೆತ ಉತ್ತರಗಳು ಬೇರೆ: ಮಳೆಗಾಲದಲ್ಲಿ ತೋಡು ದಾಟುವಂತಿಲ್ಲ, ಕಟ್ಟಿಗೆಗೆ ಹಾಡಿಯ ತನಕ, ನೀರಿಗೆ ದೂರದ ಬಾವಿಯ ತನಕ ಹೋಗಬೇಕು, ತಾಯಿ ಗದ್ದೆಗೆ ಹೋದಾಗ ಎಳೆಯ ಮಗುವನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ಮೊದಲನೆಯ ಉತ್ತರಕ್ಕೆ ಪರಿಹಾರವು ಉಪದೇಶ. ಎರಡನೆಯದಕ್ಕೆ ಪರಿಹಾರವು ಕಾಲುಸಂಕ, ಬಾವಿ, ಮನೆಯ ಸಮೀಪದಲ್ಲಿ ತಕ್ಕ ವೇಳೆಗೆ ತೆರೆಯುವ ಅಂಗನವಾಡಿ. ೧೯೭೫ರಲ್ಲಿ ಆರಂಭವಾದ ಅಂಗನವಾಡಿಯ ಯೋಜನೆಯು ಶಿಶುವಿನ ಪೋಷಣೆಯನ್ನು ಗುರಿಯಾಗಿಟ್ಟುಕೊಂಡಿತ್ತು. ಆ ಶಿಶುವನ್ನು ಸೊಂಟದಲ್ಲಿ ಹೊತ್ತ ಅಕ್ಕನ ಓದು ಕೂಡ ಅದಕ್ಕೆ ತಗಲಿಕೊಂಡಿದೆಯೆಂಬುದು ಅಕ್ಕನನ್ನು ಕೇಳಿದ ಮೇಲೆ ಸ್ಪಷ್ಟವಾಯಿತು. ಬಾಲ್ಯವಿವಾಹ, ಸಾರಾಯಿಯಂಗಡಿ ಮೊದಲಾದ ವಿಷಯಗಳಲ್ಲಿಯೂ ಮಕ್ಕಳು ತಮ್ಮ ಪಂಚಾಯತಿಗಳ ಮೂಲಕ ಹಿರಿಯರನ್ನು ಪ್ರಶ್ನಿಸಿದರು.

೨೦೦೪ರ ಹೊತ್ತಿಗೆ ಆಗಿನ ಕುಂದಾಪುರ ತಾಲ್ಲೂಕಿನ ೫೬ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳು ಪಂಚವಾರ್ಷಿಕ ಯೋಜನೆಗಾಗಿ ತಮ್ಮ ತಮ್ಮ ಗ್ರಾಮಗಳ ಅಗತ್ಯಗಳನ್ನು ಬರೆದು ಒಪ್ಪಿಸುವ ಕಾರ್ಯವು ನಡೆಯಿತು. ೨೦೦೬ರಿಂದೀಚೆಗೆ ರಾಜ್ಯದ ಗ್ರಾಮ ಪಂಚಾಯತಿಗಳೆಲ್ಲ ಮಕ್ಕಳ ಗ್ರಾಮಸಭೆಯನ್ನು ನಡೆಯಿಸಬೇಕೆಂದು ಸರಕಾರದ ಸುತ್ತೋಲೆಗಳು ಹೊರಟಿವೆ. ಕೆಲವು ಗ್ರಾಮಗಳಲ್ಲಿ ಮೊಳೆತುದು ನಾಡಿನ ಪದ್ಧತಿಯಾಯಿತು.

೬. ೧೯೯೬ರ ಸಮ್ಮೇಳನ

ಈ ನಡುವೆ ಕುಂದಾಪುರದ ಹೆಸರು ಕಡಲಾಚೆಗೂ ಹೋಯಿತು. ದುಡಿಯುವ ಮಕ್ಕಳ ಸಂಘಟನೆಗಳು ಬೇರೆ ದೇಶಗಳಲ್ಲಿಯೂ ಹುಟ್ಟಿದ್ದುವು: ಪೆರು ದೇಶದಲ್ಲಿ ೧೯೭೬ರಿಂದ, ಪಶ್ಚಿಮ ಆಫ್ರಿಕದಲ್ಲಿ ೧೯೯೪ರಿಂದ. ಇವೆಲ್ಲವುಗಳ ಪ್ರತಿನಿಧಿಗಳು ಮೊತ್ತಮೊದಲು ಒಂದೆಡೆ ಸೇರಿದುದು ಕುಂದಾಪುರದಲ್ಲಿ, ೧೯೯೬ರ ನವೆಂಬರ್ ೨೭ರಿಂದ ಡಿಸೆಂಬರ್ ೯ರವರೆಗೆ. ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯಗಳ ೩೦ಕ್ಕೂ ಮಿಕ್ಕ ದೇಶಗಳ ಮಕ್ಕಳು ನೆರೆದು ಹತ್ತು ಅಂಶಗಳ ಒಂದು ನಿರ್ಣಯವನ್ನು ಮಾಡಿದರು. ಅದು 'ಕುಂದಾಪುರ ಘೋಷಣೆ'ಯೆಂದು ಪ್ರಸಿದ್ಧವಾಗಿದೆ. ಡಿಸೆಂಬರ್ ೯ನೆಯ ದಿನವನ್ನು ಆ ಸಂಘಟನೆಗಳು ದುಡಿಯುವ ಮಕ್ಕಳ ದಿನವೆಂದು ಆಚರಿಸತೊಡಗಿದುವು.

ಹತ್ತರ ತಾತ್ಪರ್ಯವನ್ನು ಸಂಗ್ರಹಿಸಿದರೆ ಹೀಗಾಗುತ್ತದೆ. ತಮ್ಮ ಸಮಸ್ಯೆಗಳಿಗೂ ಸಂಘಟನೆಗೂ ಮಾನ್ಯತೆ ಬೇಕು. ಮಕ್ಕಳು ಮಾಡಿದ ವಸ್ತುಗಳ ಬಹಿಷ್ಕಾರ ಬೇಡ. ತಮಗೂ ತಮ್ಮ ಕೆಲಸಕ್ಕೂ ಗೌರವ, ರಕ್ಷಣೆ ಬೇಕು. ತಮ್ಮ ಜೀವನಕ್ಕೆ ಹೊಂದುವ ವಿದ್ಯೆಯೂ ವೃತ್ತಿಶಿಕ್ಷಣವೂ ಬೇಕು. ಒಳ್ಳೆಯ ವೈದ್ಯಸೌಕರ್ಯವು ದೊರೆಯಬೇಕು. ತಮಗೆ ಸಂಬಂಧಿಸಿದ ಎಲ್ಲ ನಿರ್ಧಾರಗಳಲ್ಲಿ—ಅವು ಗ್ರಾಮದವಾಗಲಿ, ದೇಶದವಾಗಲಿ, ಅಂತರರಾಷ್ಟ್ರೀಯವಾಗಲಿ—ತಮ್ಮನ್ನು ಕೇಳಬೇಕು. ದುಡಿಮೆಗೆ ಮೂಲವಾದ ಬಡತನವನ್ನು ಎದುರಿಸಬೇಕು. ವಲಸೆ ತಪ್ಪುವಂತೆ ಹಳ್ಳಿಗಳಲ್ಲಿ ಕಾರ್ಯ ನಡೆಯಬೇಕು. ಶೋಷಣೆಯನ್ನು ವಿರೋಧಿಸುವರು, ಆದರೆ ಓದಿಗೂ ವಿರಾಮಕ್ಕೂ ಎಡೆಯಿರುವ ಗೌರವದ ಕೆಲಸವನ್ನು ಬಿಡಲಾರರು.

ಬಹಿಷ್ಕಾರದ ವಿರೋಧವು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ಕಾರಣವು ಸಮೀಪದಲ್ಲಿಯೇ ಇತ್ತು. ೧೯೯೦ರ ದಶಕದ ಆದಿಯಲ್ಲಿ, ಮಕ್ಕಳು ತಯಾರಿಸಿದ ವಸ್ತುಗಳ ಆಮದನ್ನು ನಿಷೇಧಿಸುವ ಒಂದು ಮಸೂದೆಯನ್ನು ಅಮೆರಿಕದ ಸೆನೇಟರ್ ಹಾರ್ಕಿನ್ ಮಂಡಿಸಿದನು. ಮಸೂದೆಯು ಶಾಸನವಾಗುವ ಮುಂಚೆಯೇ ಅದರ ಭೀತಿಯಿಂದ ಬಾಂಗ್ಲಾದೇಶದ ಉಡುಪಿನ ಕಾರ್ಖಾನೆಗಳವರು ಸಾವಿರಾರು ಮಕ್ಕಳನ್ನು ಹೊರಗೆ ಹಾಕಿದರು. ಅವರಲ್ಲಿ ಅನೇಕರು ಶಾಲೆಯನ್ನು ಸೇರದೆ ಕಲ್ಲು ಒಡೆಯುವುದು ಮೊದಲಾದ ಇನ್ನೂ ಕಠಿನವಾದ ಕೆಲಸಗಳಿಗೆ ಹೋದರೆಂದು ಯುನಿಸೆಫ್ ಸಂಸ್ಥೆಯೇ ವರದಿ ಮಾಡಿದೆ. ಉದ್ದೇಶವು ಕರುಣೆ, ಫಲವು ಕ್ಲೇಶ. ನಡುವೆ ತಪ್ಪಿದುದು ಆ ಮಕ್ಕಳನ್ನು ಒಂದು ಮಾತು ಕೇಳುವುದು.

೭. ಪೂರ್ವಪಕ್ಷ ಮತ್ತು ಸಮಾಧಾನ

ಈ ಪ್ರಕರಣಕ್ಕೆ ವಿರುದ್ಧವಾಗಿ ಬಲವಾದ ಆಕ್ಷೇಪಗಳುಂಟು. ಅವುಗಳನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತ.

ಮೊದಲನೆಯ ಆಕ್ಷೇಪ: ಬಾಲರು ಅಪಕ್ವಬುದ್ಧಿಗಳು, ತಮ್ಮ ಹಿತವನ್ನು ತಾವೇ ಅರಿಯರು, ರೋ‌ಗಿಯನ್ನು ಕೇಳಿ ಔಷಧ ಕೊಡುವುದುಂಟೆ? ಇದಕ್ಕೆ ಸಮಾಧಾನವು ಪುರಾತನವಾದುದು. ಮಹಾಭಾರತದ ವನಪರ್ವದಲ್ಲಿ ಅಂಗವಿಕಲನಾದ ಬಾಲಕ ಅಷ್ಟಾವಕ್ರನನ್ನು ಜನಕನ ಯಜ್ಞಶಾಲೆಯ ದ್ವಾರಪಾಲಕನು, ಇದು ವೃದ್ಧರ ಸಭೆಯೆಂದು ತಡೆಯುತ್ತಾನೆ. ನೆರೆಯಿಂದ ಹಿರಿಮೆ ಬಾರದೆಂದು ವಾದಿಸಿ ಒಳಹೊಕ್ಕ ಬಾಲಕನು ಹಿರಿಯರು ಗೆಲ್ಲಲಾರದವನನ್ನು ಗೆಲ್ಲುತ್ತಾನೆ. ಔಷಧದ ದೃಷ್ಟಾಂತವೂ ವಾದಿಗೆ ಪ್ರತಿಕೂಲವೇ. ರೋಗಪರೀಕ್ಷೆಯಲ್ಲಿ ದರ್ಶನ ಸ್ಪರ್ಶನಗಳೊಡನೆ ಪ್ರಶ್ನವನ್ನೂ ಆಯುರ್ವೇದವು ಹೇಳುತ್ತದೆ. ಔಷಧವನ್ನು ವೈದ್ಯನು ನಿರ್ಣಯಿಸಲಿ. ನೋವು ಎಲ್ಲಿದೆಯೆಂಬುದನ್ನು ನೊಂದವನೇ ಹೇಳಬೇಕು.

ಎರಡನೆಯ ಆಕ್ಷೇಪ: ಮಕ್ಕಳ ಬಾಯಿಂದ ಬರುವುದು ಸಂಸ್ಥೆಯ ಹಿರಿಯರು ಕಲಿಸಿದ ಮಾತು. ಇದು ಅಲಕ್ಷಿಸತಕ್ಕದ್ದಲ್ಲ. ನಾಗರಿಕರ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲುಗಳ ಏಣಿಯನ್ನು ೧೯೬೯ರಲ್ಲಿ ಶೆರಿ ಆರ್ನ್‌ಸ್ಟೈನ್ ಕಲ್ಪಿಸಿದಳು. ೧೯೯೨ರಲ್ಲಿ ರೋಜರ್ ಹಾರ್ಟ್ ಅದನ್ನು ಮಕ್ಕಳಿಗೆ ಅನ್ವಯಿಸಿದನು. ಪರಪ್ರೇರಣೆ, ಅಲಂಕಾರ, ತೋರಿಕೆ—ಇವು ಮೂರು ಕೆಳಗಿನ ಮೆಟ್ಟಿಲುಗಳು. ಇವುಗಳಲ್ಲಿ ನಿಜವಾದ ಭಾಗವಹಿಸುವಿಕೆಯಿಲ್ಲವೆಂದು ಅವನ ಮತ. ಆದರೆ ಕಲಿಸಿದ ಮಾತಿಗೂ ತನ್ನ ಮಾತಿಗೂ ಭೇದವನ್ನು ಗುರುತಿಸುವ ಲಕ್ಷಣವೊಂದುಂಟು: ಕಲಿಸಿದ ಮಾತು ಸಾಮಾನ್ಯವಾಗಿರುತ್ತದೆ, ಕಂಡ ಮಾತು ವಿಶೇಷವಾಗಿರುತ್ತದೆ. 'ಶಿಕ್ಷಣವು ಅಗತ್ಯ' ಎಂಬುದನ್ನು ಯಾರೂ ಕಲಿಸಬಹುದು. ಇಂತಹ ತೋಡಿಗೆ ಇಂತಹ ಕಡೆ ಸಂಕವಿಲ್ಲದೆ ಇಷ್ಟು ಮನೆಗಳ ಮಕ್ಕಳು ಆಷಾಢದಲ್ಲಿ ಮನೆಯಲ್ಲಿಯೇ ಉಳಿಯುವರೆಂಬುದನ್ನು ದಾಟಿದವನೇ ಹೇಳಬೇಕು.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಮಗುವಿನ ಸ್ಥಾನವು ಶಾಲೆಯೇ. ಗೌರವದ ಕೆಲಸವೆಂದು ಹೇಳುವುದು ಶೋಷಣೆಗೆ ಬಾಗಿಲನ್ನು ತೆರೆದಂತೆ. ಬಾಲದುಡಿಮೆಯ ನಿರ್ಮೂಲನಕ್ಕೆ ಶ್ರಮಿಸಿದ ಅನೇಕ ಸಜ್ಜನರ ಅಭಿಪ್ರಾಯವಿದು. ದೇಶದ ಶಾಸನವೂ ಈ ಕಡೆಗೇ ಸಾಗಿದೆ. ೨೦೦೯ರ ಶಿಕ್ಷಣದ ಹಕ್ಕಿನ ಶಾಸನವು ಆರರಿಂದ ಹದಿನಾಲ್ಕು ವಯಸ್ಸಿನವರಿಗೆ ಶಿಕ್ಷಣವನ್ನು ಕಡ್ಡಾಯ ಮಾಡಿತು. ೨೦೧೬ರ ತಿದ್ದುಪಡಿಯು ಹದಿನಾಲ್ಕರೊಳಗಿನವರ ದುಡಿಮೆಯನ್ನು, ಶಾಲೆಯ ವೇಳೆಯ ಹೊರಗೆ ಕುಟುಂಬಕ್ಕೆ ನೆರವಾಗುವುದೇ ಮೊದಲಾದ ಕೆಲವು ಅಪವಾದಗಳೊಡನೆ, ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿತು. ೨೦೧೭ರಲ್ಲಿ ಭಾರತವು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೩೮ ಮತ್ತು ೧೮೨ನೆಯ ಒಡಂಬಡಿಕೆಗಳನ್ನು ಅಂಗೀಕರಿಸಿತು. ಬೊಲಿವಿಯಾ ದೇಶದಲ್ಲಿ ದುಡಿಯುವ ಮಕ್ಕಳ ಸಂಘದ ಒತ್ತಾಯದಿಂದ ೨೦೧೪ರಲ್ಲಿ ಹತ್ತು ವಯಸ್ಸಿನವರ ದುಡಿಮೆಗೂ ಷರತ್ತುಗಳೊಡನೆ ಅವಕಾಶವಾದುದು ಕೆಲವೇ ವರ್ಷಗಳಲ್ಲಿ ರದ್ದಾಯಿತು. ಈ ಅಂಶದಲ್ಲಿ ಕುಂದಾಪುರ ಘೋಷಣೆಯ ನಿಲುವನ್ನು ಲೋಕವು ಒಪ್ಪಲಿಲ್ಲವೆಂದೇ ಹೇಳಬೇಕು.

ಆದರೆ ಇಲ್ಲಿ ಎರಡು ಪ್ರಮೇಯಗಳನ್ನು ಬೆರೆಸಬಾರದು. ಮಕ್ಕಳ ಮಾತನ್ನು ಕೇಳಬೇಕೆಂಬುದು ಒಂದು. ಮಕ್ಕಳು ಹೇಳಿದುದೆಲ್ಲವನ್ನೂ ಹಾಗೆಯೇ ಮಾಡಬೇಕೆಂಬುದು ಇನ್ನೊಂದು. ಎರಡನೆಯದನ್ನು ಒಪ್ಪದವನೂ ಮೊದಲನೆಯದನ್ನು ಒಪ್ಪಬಹುದು. ಸಭೆಯಲ್ಲಿ ಸೋತ ಪಕ್ಷವೂ ಸಭೆಯ ಪಕ್ಷವೇ. ಅಲ್ಲದೆ, ಶಾಲೆ ಕಡ್ಡಾಯವೆಂದು ಶಾಸನವು ಸಾರಿದ ಮೇಲೆ ಶಾಲೆಯ ದಾರಿಯ ಪ್ರಶ್ನೆ ಇನ್ನೂ ಹೆಚ್ಚು ತೀವ್ರವಾಗುತ್ತದೆಯೇ ವಿನಾ ಕಡಮೆಯಾಗದು. ನಿಷೇಧದ ಪಕ್ಷವೇ ಗೆದ್ದರೂ ತೋಡನ್ನು ದಾಟುವುದು ಹೇಗೆಂದು ಮಗುವನ್ನೇ ಕೇಳಬೇಕಾಗುತ್ತದೆ.

೮. ಉಪಸಂಹಾರ

ಕುಂದಾಪುರದ ಈ ಪ್ರಕರಣವು ಏಕಾಂಗಿಯಲ್ಲ. ೧೯೭೮ರ ಆಲ್ಮಾ-ಆಟಾ ಘೋಷಣೆಯು ಆರೋಗ್ಯಕಾರ್ಯದ ಯೋಜನೆಯಲ್ಲಿ ಜನರು ಭಾಗವಹಿಸುವುದು ಅವರ ಹಕ್ಕೂ ಕರ್ತವ್ಯವೂ ಆಗಿದೆಯೆಂದು ಸಾರಿತ್ತು. ಅಂಗವಿಕಲರ ಹಕ್ಕುಗಳ ಶಾಸನ (೨೦೧೬), ಮನೋರೋಗಿಗೆ ತನ್ನ ಚಿಕಿತ್ಸೆಯ ವಿಷಯವಾಗಿ ಮುಂಗಡ ನಿರ್ದೇಶನವನ್ನು ಬರೆದಿಡುವ ಅಧಿಕಾರವನ್ನು ಕೊಟ್ಟ ಮಾನಸಿಕ ಆರೋಗ್ಯ ಶಾಸನ (೨೦೧೭)—ಇವು ಅದೇ ತತ್ತ್ವದ ಕವಲುಗಳು. ಕುಂದಾಪುರದ ವಿಶೇಷವೇನೆಂದರೆ, ಶಾಸನವು ಹುಟ್ಟುವ ಮೊದಲೇ ಆಚರಣೆಯು ಹುಟ್ಟಿತು. ಅದೂ ಸಮಾಜದಲ್ಲಿ ಎಲ್ಲರಿಗಿಂತ ಕಿರಿಯರಿಂದ.

ಹಾಗಾದರೆ ಉಪಕೃತರು ಕರ್ತೃಗಳಾದರೋ? ಅರ್ಧ ಆದರೆಂದು ಹೇಳುವುದು ಸತ್ಯಕ್ಕೆ ಸಮೀಪ. ಸಭೆಯಲ್ಲಿ ಮಾತನಾಡುವ ಸ್ಥಾನವು ದೊರೆತಿದೆ; ಆ ಮಾತು ವೆಚ್ಚದ ಪಟ್ಟಿಯಲ್ಲಿ ಸೇರಬೇಕೆಂಬ ನಿರ್ಬಂಧವಿಲ್ಲ. ಸುತ್ತೋಲೆಯಿಂದ ನಡೆಯುವ ಸಭೆಯು ಸುತ್ತೋಲೆಯಷ್ಟೇ ಆಗಿ ಉಳಿಯುವ ಅಪಾಯವೂ ಉಂಟು: ಬ್ಯಾನರು, ಭಾಷಣ, ಭಾವಚಿತ್ರ, ಮುಂದಿನ ವರ್ಷ ಪುನಃ ಅದೇ. ಅಂತಹುದು ಹಾರ್ಟನ ಏಣಿಯ ಕೆಳಗಿನ ಮೆಟ್ಟಿಲಲ್ಲಿಯೇ ನಿಂತ ಸಭೆ. ಕೊರಗರ ಭೂಮಿಯ ವಿಷಯದಲ್ಲಿಯೂ ಶಿಫಾರಸಿಗೂ ನೆಲಕ್ಕೂ ನಡುವೆ ಹಲವು ಭೂಮಿ ಹಬ್ಬಗಳು ಕಳೆದುಹೋದುವು.

೨೦೨೨ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನ ಒಂದು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರಿನ ಪಾಲಾದಳು. ಆ ಬಳಿಕ ಜಿಲ್ಲೆಯ ಕಾಲುಸಂಕಗಳ ವಿಷಯವು ಪತ್ರಿಕೆಗಳಲ್ಲಿಯೂ ಕಚೇರಿಗಳಲ್ಲಿಯೂ ಚರ್ಚೆಗೆ ಬಂತು. ಇದೇ ಸೀಮೆಯ ಮಕ್ಕಳು ಕಾಲುಸಂಕದ ಮಾತನ್ನು ಸಭೆಯಲ್ಲಿ ಎತ್ತಿ ಆಗಲೇ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಾಲವು ಸಂದಿತ್ತು. ದುರ್ಬಲರ ಮಾತನ್ನು ಕೇಳುವುದು ಸೌಜನ್ಯದ ವಿಷಯವೆಂದೋ ಪ್ರಜಾಪ್ರಭುತ್ವದ ಶೋಭೆಯೆಂದೋ ತಿಳಿಯುವವರು ಈ ಎರಡು ಸಂಗತಿಗಳನ್ನು ಕೂಡಿಸಿ ನೋಡತಕ್ಕದ್ದು. ಹೊಳೆಯ ಆಳವನ್ನು ದಿನವೂ ದಾಟುವವರು ಬಲ್ಲರು. ಅವರು ಬಲ್ಲುದನ್ನು ಸಭೆಯು ತನ್ನ ನಿರ್ಣಯದಲ್ಲಿ ಬರೆದುಕೊಂಡು ಸಂಕವನ್ನು ಕಟ್ಟಿಸಿದ ದಿನವೇ ಉಪಕೃತರ ಸಭಾಪ್ರವೇಶವು ಪೂರ್ಣವಾಗುವುದು.